ಬಾಣಂತಿಯ ಮಗ್ಗುಲಿನ ಚೀಲ

ಹೆರಿಗೆ ಹೇಗಾಯಿತು ಅಂತ ಯಾರಾದರೂ ಕೇಳಿದರೆ ಬಹಳ ದಿನ ನಾನು ಒಂದೇ ಉತ್ತರ ಕೊಡುತ್ತಿದ್ದೆ. "ಆಪರೇಷನ್ ಆತ್ರಿ. ಕೂಸು ಆರಾಮೈತಿ." ಕೇಳಿದವರಿಗೂ ಅಷ್ಟು ಸಾಕಾಗುತ್ತಿತ್ತು. ಅವರು ಕೂಸಿನ ಕಡೆ ತಿರುಗಿ ಮೂಗು ಯಾರ ಹಂಗೈತಿ, ಬಣ್ಣ ಯಾರದು ಅಂತ ಮಾತು ಶುರು ಮಾಡುತ್ತಿದ್ದರು. ನಾನು ಎದ್ದು ಚಹಾಕ್ಕೆ ಇಡುತ್ತಿದ್ದೆ. ಆಪರೇಷನ್ ಆದ ಮೇಲೆ ನನಗೇನಾಯಿತು ಅನ್ನುವುದನ್ನು ಈಗ ಬರೆಯುತ್ತಿದ್ದೇನೆ. ವಾರ್ಡಿನ ಮಂಚದ ಮೇಲೆ ಮಲಗಿ, ಇದು ನನಗೊಬ್ಬಳಿಗೇ ಆಗಿರಬೇಕು ಅಂದುಕೊಳ್ಳುತ್ತಿರುವ ಹೆಂಗಸು ಎಲ್ಲಾದರೂ ಇದ್ದರೆ ಆಕೆ ಓದಲಿ.

ನಮ್ಮ ಮನೆ ತಿಕೋಟಾದಲ್ಲಿ. ನನ್ನ ಗಂಡ ಸಂಗಮೇಶ ಅಲ್ಲಿ ಡ್ರಿಪ್ ಪೈಪು, ಮೋಟಾರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದಾರೆ. ನನ್ನ ತವರು ಮಮದಾಪುರ. ಚೊಚ್ಚಲ ಹೆರಿಗೆ ತವರಿನವರೇ ಮಾಡಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಆದರೆ ನಾನು ಕಾಲೇಜಿನಲ್ಲಿದ್ದಾಗಲೇ ಅವ್ವ ತೀರಿಹೋಗಿದ್ದಳು. ಮನೆಯಲ್ಲಿ ಅಪ್ಪ, ಅಣ್ಣ, ಮತ್ತು ಎರಡು ಸಣ್ಣ ಕೂಸುಗಳನ್ನು ಸಂಭಾಳಿಸುತ್ತಿದ್ದ ವೈನಿ. "ನಾವ ಮಾಡ್ಕೋತೀವಿ ಬಿಡ್ರಿ, ನಮ್ಮ ಮನಿ ಕೂಸಲ್ಲೇನು" ಅಂತ ಅತ್ತೆ ಅಪ್ಪನಿಗೆ ಹೇಳಿದರು. ಅಪ್ಪ ಕೈ ಮುಗಿದ. ಅವ್ವನ ಅಕ್ಕ, ಸಾರವಾಡದ ದೊಡ್ಡವ್ವ, ಫೋನಿನಲ್ಲಿ, "ಆಸ್ಪತ್ರ್ಯಾಗ ನಾ ಬಂದು ಇರ್ತೀನಿ, ನೀ ಚಿಂತಿ ಮಾಡಬ್ಯಾಡ" ಅಂದಿದ್ದಳು. ಹೆರಿಗೆಯ ದಿನ ಫೋನು ಮಾಡಿದರೆ, ಬರಲಿಕ್ಕೆ ಆಗುವುದಿಲ್ಲ ಅಂದಳು. ಯಾಕೆ ಅಂತ ಹೇಳಲಿಲ್ಲ. ಸಾರವಾಡದಿಂದ ವಿಜಯಪುರಕ್ಕೆ ಬಸ್ಸುಗಳಿಗೇನು ಬರವೇ? ಅವ್ವ ಇದ್ದಿದ್ದರೆ ನಡೆದುಕೊಂಡಾದರೂ ಬರುತ್ತಿದ್ದಳು ಅಂತ ಮನಸ್ಸಿಗೆ ಬಹಳ ಹತ್ತಿತು.

ಬೆಳಿಗ್ಗೆ ನೋವು ಶುರುವಾಗಿ ವಿಜಯಪುರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅದರ ಹೆಸರು ಬರೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಎದೆಬಡಿತ ಇಳಿಯುತ್ತಿದೆ ಅಂದರು. ಗಡಿಬಿಡಿಯಲ್ಲಿ ಸಹಿ ಮಾಡಿಸಿಕೊಂಡು ಒಳಗೆ ಕರೆದೊಯ್ದು ಬೆನ್ನಿಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಹಸಿರು ಬಟ್ಟೆಯ ಆಚೆಯಿಂದ ಅಳು ಕೇಳಿಸಿತು. "ಹೆಣ್ಣ ಐತ್ರಿ" ಅಂತ ಒಬ್ಬಾಕೆ ಕೂಸಿನ ಮುಖವನ್ನು ನನ್ನ ಕೆನ್ನೆಗೆ ತಾಗಿಸಿದಳು. ಬಿಸಿ, ಒದ್ದೆ, ಸಿಟ್ಟಿನ ಮುಖ. ಆಪರೇಷನ್ ಮಾಡಿದವರ ಮೇಲೆ ನನಗೆ ಇವತ್ತಿಗೂ ದೂರಿಲ್ಲ. ನನ್ನ ಮಗಳನ್ನು ಅವರು ಉಳಿಸಿಕೊಟ್ಟರು. ಅವರ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡರಲ್ಲ, ನನ್ನ ಕಥೆ ಶುರುವಾಗುವುದು ಅಲ್ಲಿಂದ.

ಬಾಣಂತಿಯರ ವಾರ್ಡು ಉದ್ದನೆಯ ಪಡಸಾಲೆಯಂಥದು. ಎರಡೂ ಗೋಡೆಗೆ ಸಾಲಾಗಿ ಕಬ್ಬಿಣದ ಮಂಚಗಳು. ಒಬ್ಬ ಬಾಣಂತಿಯ ಹತ್ತಿರ ಒಬ್ಬ ಹೆಂಗಸು ಮಾತ್ರ ಇರಬಹುದು. ಗಂಡಸರಿಗೆ ಸಂಜೆ ಸ್ವಲ್ಪ ಹೊತ್ತು ಬಿಟ್ಟರೆ ಬಾಗಿಲ ಒಳಗೆ ಪ್ರವೇಶವಿಲ್ಲ. ನನ್ನ ಜೊತೆ ಅತ್ತೆ ಇದ್ದರು. ಅವರಿಗೆ ಮೊಣಕಾಲು ನೋವು, ಮೇಲಾಗಿ ಕೂಸಿನ ಮೇಲೆ ಜೀವ. ಇಡೀ ಹೊತ್ತು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಹಾಲಿಗೆ ಮಾತ್ರ ನನ್ನ ಮಗ್ಗುಲಿಗೆ ತರುತ್ತಿದ್ದರು. ಪಕ್ಕದ ಮಂಚದಲ್ಲಿ ಬಬಲೇಶ್ವರದ ರಜಿಯಾ. ಆಕೆಯದು ಎರಡನೇ ಹೆರಿಗೆ, ಅದೂ ಆಪರೇಷನ್ನೇ. ಬಾಯಿ ಸ್ವಲ್ಪ ಜೋರು.

ಮರುದಿನ ಬೆಳಿಗ್ಗೆ ಒಬ್ಬ ಸಿಸ್ಟರ್ ಬಂದು ಮೂತ್ರಕ್ಕೆ ಹಾಕಿದ್ದ ಪೈಪು ತೆಗೆದಳು. "ಎದ್ದ ಅಡ್ಡಾಡ್ರಿ. ಒಂದಕ್ಕ ಹೋಗಿ ಬರ್ರಿ" ಅಂದು ಮುಂದಿನ ಮಂಚಕ್ಕೆ ಹೋದಳು. ಹೇಗೆ ಏಳಬೇಕು ಅಂತ ಹೇಳಿಕೊಡಲಿಲ್ಲ. ನಾನು ನೆಟ್ಟಗೆ ಏಳಲು ನೋಡಿದೆ. ಹೊಟ್ಟೆ ಎರಡು ತುಂಡಾದಂತಾಗಿ ಹಾಸಿಗೆಗೆ ಬಿದ್ದೆ. "ಹಂಗಲ್ಲ ಬೇ, ಮಗ್ಗಲಾಗಿ ಹೊಳ್ಳು, ಕಾಲ ಕೆಳಗ ಬಿಡು, ಆಮ್ಯಾಲೆ ಏಳು" ಅಂತ ರಜಿಯಾ ಮಲಗಿದಲ್ಲಿಂದಲೇ ಹೇಳಿದಳು. ಅತ್ತೆಯ ಹೆಗಲು ಹಿಡಿದು ಪಾಯಖಾನೆಯ ತನಕ ಹೋದೆ. ಅಲ್ಲಿ ಪಾಳಿ. ಒಳಗೆ ನೆಲ ಒದ್ದೆ, ಬಾಗಿಲಿಗೆ ಚಿಲಕವಿಲ್ಲ, ಹೊರಗಿನಿಂದ ಅತ್ತೆ ಹಿಡಿದುಕೊಂಡು ನಿಂತರು. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂಡ್ರುವುದು ಹೇಗೆ? ಗೋಡೆ ಹಿಡಿದು ಅರ್ಧ ಕೂತೆ. ಒಂದು ಹನಿಯೂ ಬರಲಿಲ್ಲ.

ವಾಪಸು ಬಂದು ಸಿಸ್ಟರ್‌ಗೆ ಹೇಳಿದೆ. "ಆಗವಲ್ದ್ರಿ."

"ನೀರ ಕುಡೀರಿ, ಆಗ್ತೈತಿ."

ಕುಡಿದೆ. ಮತ್ತೆ ಹೋದೆ. ಮತ್ತೆ ಇಲ್ಲ. ಕೈಗೆ ಸಲೈನು ಹನಿಯುತ್ತಲೇ ಇತ್ತು. ಮಧ್ಯಾಹ್ನ ಡ್ಯೂಟಿ ಬದಲಾಗಿ ಬೇರೆ ಸಿಸ್ಟರ್ ಬಂದಳು. ಆಕೆಗೆ ಮೊದಲಿಂದ ಹೇಳಿದೆ. "ಫಸ್ಟ್ ಡಿಲಿವರಿ ಅಲ್ಲೇನ್ರಿ? ಎಲ್ಲಾರೂ ಹಿಂಗ ಅಂತಾರ" ಅಂದಳು. ಹೊಟ್ಟೆ ಉಬ್ಬಿದೆ ಅಂದೆ. "ಗ್ಯಾಸ್" ಅಂದಳು. ಹೊಕ್ಕಳಿನ ಕೆಳಗೆ ಗಟ್ಟಿಯಾಗಿ ಏನೋ ಬೆಳೆಯುತ್ತಿತ್ತು. ಹೊಲಿಗೆಯ ಉರಿ ಒಂದು ಕಡೆ, ಅದನ್ನು ಒಳಗಿನಿಂದ ಯಾರೋ ಜಗ್ಗುತ್ತಿರುವ ನೋವು ಇನ್ನೊಂದು ಕಡೆ. ಡಾಕ್ಟರ್ ಮೇಡಂ ರೌಂಡಿಗೆ ಬಂದಾಗ ಈಗ ಹೇಳಬೇಕು ಅಂತ ಶಬ್ದಗಳನ್ನು ಜೋಡಿಸಿಕೊಂಡು ಕಾದಿದ್ದೆ. ಅವರು ಬ್ಯಾಂಡೇಜಿನ ಮೇಲೆ ಕಣ್ಣಾಡಿಸಿ, ಅತ್ತೆಯನ್ನು "ಕೂಸು ಹಾಲ ಕುಡಿತೈತೇನು?" ಅಂತ ಕೇಳಿದರು. "ಹೂನ್ರಿ, ಚಲೋ ಕುಡಿತೈತ್ರಿ" ಅಂದರು ಅತ್ತೆ. "ಗುಡ್" ಅಂದವರು ರಜಿಯಾಳ ಮಂಚಕ್ಕೆ ಹೋಗಿದ್ದರು. ನನ್ನ ಬಾಯಿ ತೆರೆದೇ ಇತ್ತು.

ಸಂಜೆ ಗಂಡಸರನ್ನು ಒಳಗೆ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ ಹಾಸಿಗೆ ತಾನಾಗಿಯೇ ಒದ್ದೆಯಾಯಿತು. ನನಗೆ ಗೊತ್ತಾಗದೆಯೇ ಹನಿಹನಿ ಜಿನುಗುತ್ತಿತ್ತು. ಸಿಸ್ಟರ್ ನೋಡಿ, "ಆತಲ್ಲ ನೋಡ್ರಿ! ಸುಮ್ಮ ಗಾಬರಿ ಆಗಿದ್ರಿ. ಆದ್ರ ಹಾಸಿಗ್ಯಾಗ ಮಾಡಿದ್ರ ಹೆಂಗ್ರಿ?" ಅಂದಳು. ಅತ್ತೆ ನಾಚಿಕೊಂಡು ಮುಖ ತಿರುಗಿಸಿದರು. ಅದು ತುಂಬಿದ ಕೊಡ ಉಕ್ಕಿ ಹೊರಗೆ ಚೆಲ್ಲಿದ್ದು ಅಂತ ನನಗೆ ತಿಳಿದದ್ದು ಆಮೇಲೆ. ಅವತ್ತು ಮಾತ್ರ, ಇಷ್ಟು ಓದಿದ ಹೆಂಗಸು ಕೂಸಿನ ಹಾಗೆ ಹಾಸಿಗೆಯಲ್ಲಿ ಮಾಡಿಕೊಂಡೆನಲ್ಲ ಅಂತ ಜೀವ ಹಿಡಿಯಾಯಿತು.

ಅಷ್ಟರಲ್ಲಿ ಬಾಗಿಲು ತೆರೆದು ಎಲ್ಲರ ಗಂಡಂದಿರು, ಅಣ್ಣ ತಮ್ಮಂದಿರು ಒಳಗೆ ಬಂದರು. ಸಂಗಮೇಶ ಮಂಚದ ಕಾಲಬುಡಕ್ಕೆ ನಿಂತರು. ಚಾದರ ಎದೆಯ ತನಕ ಎಳೆದುಕೊಂಡೆ. ಕೆಳಗೆ ಒದ್ದೆ.

"ಆರಾಮಿದ್ದಿ?"

ಸುತ್ತಲೂ ಜನ. ಪಕ್ಕದಲ್ಲಿ ರಜಿಯಾಳ ಮಾವ ನಿಂತಿದ್ದರು. ಏನಂತ ಹೇಳಲಿ? "ಆರಾಮರಿ" ಅಂದೆ. ಅವರು ಕೂಸಿನ ಬೆರಳು ಮುಟ್ಟಿ ನಕ್ಕರು. ಫೋನು ಬಂತು, ಹೊರಗೆ ಹೋದರು.

ಆ ರಾತ್ರಿಯ ಬಗ್ಗೆ ಬರೆಯಲಾರೆ.

ಮಾರನೇ ದಿನ ಬೆಳಗಾದ ಮೇಲೆ ರಜಿಯಾ ನನ್ನನ್ನು ನೋಡಿದಳು. ನಾನು ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚಿಕೊಂಡಿದ್ದೆ. ಆಕೆ ನಿಧಾನ ಎದ್ದು ಬಂದು ನನ್ನ ಚಾದರ ಸರಿಸಿ ಹೊಟ್ಟೆ ನೋಡಿದಳು. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು.

"ಸಿಸ್ಟರ್! ಇಲ್ಲಿ ಬರ್ರಿ! ಈಕಿ ಹೊಟ್ಟಿ ನೋಡ್ರಿ, ಇನ್ನೂ ಹಡದಿಲ್ಲ ಅನ್ನೂವಂಗೈತಿ. ಇನ್ನೊಂದ್ ಕೂಸು ಒಳಗ ಬಿಟ್ಟೀರೇನು?"

ಒಂದಿಬ್ಬರು ನಕ್ಕರು. ಬಾಗಿಲ ಹತ್ತಿರ ಏನೋ ಬರೆಯುತ್ತಿದ್ದ ಹುಡುಗಿಯಂಥ ಜೂನಿಯರ್ ಡಾಕ್ಟರ್ ತಲೆ ಎತ್ತಿ ನೋಡಿ ಬಂದಳು. ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. ಹೆರಿಗೆಯಾದ ಮೇಲೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದ ಮೊದಲ ಡಾಕ್ಟರ್ ಆಕೆ. ಮುಖದ ಬಣ್ಣ ಬದಲಾಯಿತು. "ಪೈಪ್ ಯಾವಾಗ ತೆಗದಾರ? ಆವಾಗಿಂದ ಎಷ್ಟ ಸಲ ಹೋಗೀರಿ?" ಅಂದಳು. "ಒಂದೂ ಇಲ್ರಿ" ಅಂದೆ. ಆಕೆ ಓಡಿದಳು.

ಮತ್ತೆ ಪೈಪು ಹಾಕಿದರು. ಚೀಲ ತುಂಬಿತು. ಬದಲಾಯಿಸಿ ಇನ್ನೊಂದು ಹಾಕಿದರು, ಅದೂ ತುಂಬುತ್ತ ಹೋಯಿತು. ಮಂಚದ ಸುತ್ತ ಈಗ ಬಹಳ ಜನ ಇದ್ದರು, ಎಲ್ಲರೂ ಚೀಲವನ್ನೇ ನೋಡುತ್ತಿದ್ದರು. ನನಗೆ ಕಣ್ಣೀರು ಧಾರಾಕಾರ. ಅದು ದುಃಖವಲ್ಲ, ಸುಖ. ಸುಖಕ್ಕೆ ಅಷ್ಟು ಅತ್ತದ್ದು ಅದೊಂದೇ ಸಲ. ಆಮೇಲೆ ಬಂದ ಮೇಡಂ, "ಕೆಲವರಿಗೆ ಹಿಂಗಾಗ್ತೈತಿ. ನೀವು ಸರಿಯಾಗಿ ಹೇಳಬೇಕಿತ್ತು" ಅಂದರು. ರಜಿಯಾ ಏನೋ ಅನ್ನಲು ಹೋದಳು. ಆಕೆಯ ತಾಯಿ ಕೈ ಹಿಡಿದು ಸುಮ್ಮನಾಗಿಸಿದಳು.

ಅವತ್ತೇ ರಜಿಯಾಳ ಡಿಸ್ಚಾರ್ಜು. ಹೊರಡುವಾಗ ನನ್ನ ತಲೆಯ ಮೇಲೆ ಕೈ ಆಡಿಸಿ, "ಬಾಯಿ ಮಾಡು ಬೇ. ಸುಮ್ಮಿದ್ರ ಇಲ್ಲಿ ಯಾರೂ ನೋಡಂಗಿಲ್ಲ" ಅಂದಳು. ಫೋನ್ ನಂಬರ್ ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಆ ಮಂಚಕ್ಕೆ ಸಂಜೆಯೊಳಗೆ ಬೇರೆ ಯಾರೋ ಬಂದರು. ಆಕೆ ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಕೆಲವು ದಿನ ಬಿಟ್ಟು ಪೈಪು ತೆಗೆದು ನೋಡಿದರು. ಮತ್ತೆ ಆಗಲಿಲ್ಲ. ಈ ಸಲ ನಾನು ಬಾಯಿ ಮಾಡಿದೆ, ಬೇಗ ಹಾಕಿದರು. "ನರಕ್ಕ ಪೆಟ್ಟಾಗೇತಿ, ಟೈಮ್ ಬೇಕು. ಪೈಪ್ ಹಾಕ್ಕೊಂಡ ಮನಿಗೆ ಹೋಗ್ರಿ, ಕೆಲವು ವಾರ ಬಿಟ್ಟು ಬರ್ರಿ" ಅಂದರು ಮೇಡಂ. ಸರಿ ಹೋಗುತ್ತದೆಯೇ ಅಂತ ಕೇಳಿದೆ. "ನೋಡೋಣು" ಅಂದರು. ಆ ಒಂದು ಶಬ್ದವನ್ನು ಹಿಡಿದುಕೊಂಡು ತಿಕೋಟಾಕ್ಕೆ ಬಂದೆ.

ಕಾರಿನಲ್ಲಿ ಅತ್ತೆಯ ತೊಡೆಯ ಮೇಲೆ ಕೂಸು, ನನ್ನ ಕಾಲ ಹತ್ತಿರ ಚೀಲ. ಓಣಿಯ ಹೆಂಗಸರು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ತಮ್ಮ ಶಾಲು ತೆಗೆದು ಚೀಲದ ಮೇಲೆ ಹಾಕಿ, ನನ್ನ ಕಿವಿಯಲ್ಲಿ, "ಯಾರಿಗೂ ಹೇಳಬ್ಯಾಡ. ಕೇಳಿದ್ರ ಸಲೈನ್ ಅನ್ನು" ಅಂದರು. ಅವರು ಕೆಟ್ಟವರಲ್ಲ. ಹೆಂಗಸಿನ ಈ ಭಾಗದ ಮಾತು ಮನೆಯ ಹೊಸ್ತಿಲು ದಾಟಬಾರದು ಅಂತ ಅವರಿಗೆ ಅವರ ಅತ್ತೆ ಕಲಿಸಿದ್ದರು, ಅಷ್ಟೆ.

ಬಾಣಂತಿಯ ಕೋಣೆ ಅಂದರೆ ಮೊದಲೇ ಕತ್ತಲು. ಕಿಟಕಿಗೆ ಪರದೆ, ಕಿವಿಗೆ ಅರಿವೆ, ಲೋಬಾನದ ಹೊಗೆ. ಅದರಲ್ಲಿ ನಾನು, ಕೂಸು, ಮಂಚದ ಅಂಚಿಗೆ ಕಟ್ಟಿದ ಚೀಲ. ಅದರ ಮೇಲೆ ಒಂದು ಹಳೆಯ ಟವೆಲು ಹಾಕಿರುತ್ತಿದ್ದೆ. ಡಾಕ್ಟರು ನೀರು ಬಹಳ ಕುಡಿಯಬೇಕು ಅಂದಿದ್ದರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಇಳಿಯುವುದಿಲ್ಲ ಅಂತ ಅತ್ತೆ. ಕೊನೆಗೆ ಕಾಯಿಸಿ ಆರಿಸಿದ ನೀರಿಗೆ ಅಜವಾನ ಹಾಕಿ ಕೊಡುವುದಾಗಿ ಒಪ್ಪಿದರು. ಅಳವಿ ಪಾಯಸ, ಅಂಟಿನ ಉಂಡಿ ಹೊತ್ತುಹೊತ್ತಿಗೆ ಬರುತ್ತಿದ್ದವು. ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಕೂಸು ಅತ್ತಾಗ ಪಟ್ಟನೆ ಎತ್ತಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಮೊದಲು ಪೈಪು ಎಲ್ಲಿ ಸಿಕ್ಕಿಕೊಂಡಿದೆ ನೋಡಬೇಕು, ಚೀಲ ಬಿಚ್ಚಿ ಹಿಡಿದುಕೊಳ್ಳಬೇಕು, ಮಗ್ಗುಲಾಗಬೇಕು. ಅಷ್ಟರಲ್ಲಿ ಅತ್ತೆ ಬಂದು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಅಳು ಪಡಸಾಲೆಯಲ್ಲಿ ನಿಲ್ಲುತ್ತಿತ್ತು. ನಾನಿಲ್ಲದೆಯೂ ನಿಲ್ಲುತ್ತದೆ ಅನ್ನುವುದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಂಗಮೇಶ ಕೂಸನ್ನು ನೋಡಲು ಒಳಗೆ ಬಂದಾಗ ಟವೆಲು ಜಾರಿತ್ತು. ಅವರು ಚೀಲ ನೋಡಿದರು, ಪೈಪು ನೋಡಿದರು. ತಕ್ಷಣ ಕಣ್ಣು ಕಿತ್ತು ಗೋಡೆಯ ಕ್ಯಾಲೆಂಡರಿನ ಮೇಲೆ ಇಟ್ಟರು. "ಅಂಗಡ್ಯಾಗ ಯಾರೂ ಇಲ್ಲ" ಅಂತ ಹೋದರು. ದಿನಾ ಪೈಪಿನಲ್ಲೇ ಕೈ ಆಡಿಸುವ ಮನುಷ್ಯ. ನನಗೆ ನಗು ಬಂತು, ನಕ್ಕರೆ ಹೊಲಿಗೆ ಜಗ್ಗುತ್ತಿತ್ತು.

ಅಪ್ಪನೂ ಬಂದ. ಬಾಣಂತಿಯ ಕೋಣೆಗೆ ಬರಲು ಸಂಕೋಚಪಟ್ಟು ಹೊಸ್ತಿಲ ಆಚೆ ಖುರ್ಚಿ ಹಾಕಿಕೊಂಡು ಕೂತ. "ಆರಾಮೇನವಾ?" "ಆರಾಮಪ್ಪ." ಅವ್ವ ಇದ್ದಿದ್ದರೆ ಟವೆಲು ಎತ್ತಿ ನೋಡುತ್ತಿದ್ದಳು. ಅದೊಂದೇ ನನಗೆ ಬೇಕಾಗಿದ್ದುದು, ಯಾರಾದರೂ ಎತ್ತಿ ನೋಡುವುದು. ಫೋನಿನಲ್ಲಿ ಹುಡುಕಿದೆ. ಕೆಲವರಿಗೆ ಇದು ಜೀವಮಾನ ಪೂರ್ತಿ ಉಳಿಯುತ್ತದೆ ಅಂತ ಎಲ್ಲೋ ಬರೆದಿತ್ತು. ಆಮೇಲೆ ಹುಡುಕುವುದನ್ನು ಬಿಟ್ಟೆ.

ಕೂಸಿಗೆ ಹೆಸರಿಡುವ ದಿನ ಮನೆ ತುಂಬ ಹೆಂಗಸರು. ನನಗೆ ದೊಡ್ಡ ಸೀರೆ ಉಡಿಸಿ, ಚೀಲವನ್ನು ನಿರಿಗೆಯ ಒಳಗೆ ಅಡಗಿಸಿ, ತೊಟ್ಟಿಲ ಹತ್ತಿರ ಮಣೆಯ ಮೇಲೆ ಕೂಡ್ರಿಸಿದರು. ಶ್ರಾವಣಿ ಅಂತ ಹೆಸರು ಕೂಗಿದರು. ಉಡಿ ತುಂಬಿದರು. ಯಾರಾದರೂ ಬಗ್ಗಿದಾಗೆಲ್ಲ ಪೈಪು ಕಾಣಿಸೀತೇನೋ, ವಾಸನೆ ಬಂದೀತೇನೋ ಅಂತ ನನ್ನ ಜೀವ ಅಲ್ಲೇ. ಅಣ್ಣನ ಕಾರಿನಲ್ಲಿ ದೊಡ್ಡವ್ವನೂ ಬಂದಿದ್ದಳು. ನನ್ನ ಗಲ್ಲ ಹಿಡಿದು ಲಟಿಕೆ ಮುರಿದಳು. ನಾನು ನೆಟ್ಟಗೆ ಮಾತಾಡಲಿಲ್ಲ.

ಎಲ್ಲರೂ ಊಟಕ್ಕೆ ಎದ್ದರು. ನಾನು ಕೋಣೆಗೆ ಬಂದು ಚೀಲ ಹೊರಗೆ ತೆಗೆದು ಮಂಚಕ್ಕೆ ಕಟ್ಟುತ್ತಿದ್ದೆ. ಹಿಂದೆ ದೊಡ್ಡವ್ವ ನಿಂತಿದ್ದಳು.

"ಇದೇನ ಬೇ ಸುವರ್ಣಾ?"

"ಸಲೈನು."

"ಸಲೈನ್ ಮ್ಯಾಲಿಂದ ಕೆಳಗ ಬರ್ತೈತಿ. ನನಗೇನ್ ಕಣ್ಣಿಲ್ಲೇನು?"

ನನ್ನೊಳಗೆ ಕಟ್ಟಿಕೊಂಡಿದ್ದ ಸಿಟ್ಟು ಹೊರಗೆ ಬಂತು. "ಈಗ ಯಾಕ ಕೇಳ್ತಿ? ಆಸ್ಪತ್ರ್ಯಾಗ ನಾ ಒಬ್ಬಾಕೀನ ಸಾಯಾಕತ್ತಿದ್ದೆ. ಬರ್ತೀನಿ ಅಂದಾಕಿ ನೀ. ಯಾಕ ಬರಲಿಲ್ಲ?"

ದೊಡ್ಡವ್ವ ಬಾಗಿಲು ಮುಂದೆ ಮಾಡಿದಳು. ನನ್ನ ಪಕ್ಕದಲ್ಲಿ ಕೂತು ಸೆರಗಿನ ತುದಿ ಸುತ್ತಿದಳು. ಆಮೇಲೆ, ದನಿ ಇಳಿಸಿ, ನನ್ನ ಮುಖ ನೋಡದೆ ಹೇಳಿದಳು.

"ನಿಮ್ಮ ತಮ್ಮ ಶಿವು ಹುಟ್ಟಿದಾಗಿಂದ ನನಗ ಕಾಲ್ಮಡಿ ತಡೆಯಾಕ ಬರಂಗಿಲ್ಲವ್ವ. ಕೆಮ್ಮಿದ್ರ, ಸೀನಿದ್ರ, ಬಸ್ ಗಡಗಡ ಅಂದ್ರ ಸೀರಿ ಹಸಿ ಆಗ್ತೈತಿ. ಅವತ್ತ ನಾ ಬಂದಿದ್ದೆ. ಸಾರವಾಡದ ಬಸ್‌ಸ್ಟ್ಯಾಂಡಿನ ತನಕಾ ಬುತ್ತಿ ಕಟ್ಟಿಕೊಂಡು ಬಂದಿದ್ದೆ. ಬಸ್ ಹತ್ತೂದ್ರಾಗ ಆಗಿಹೋತು. ಹೊಳ್ಳಿ ಮನಿಗೆ ಹ್ವಾದೆ. ಏನಂತ ಹೇಳ್ಲಿ ನಿನಗ?"

ಶಿವು ದೊಡ್ಡವ್ವನ ಮಗ, ನನಗಿಂತ ಸ್ವಲ್ಪವೇ ಸಣ್ಣವ. ಅವನಿಗೂ ಮದುವೆಯಾಗಿ ಮಕ್ಕಳಿದ್ದಾರೆ.

"ದೊಡ್ಡಪ್ಪಗ ಗೊತ್ತಿಲ್ಲೇನು?"

"ಯಾರಿಗೂ ಗೊತ್ತಿಲ್ಲ. ನಿಮ್ಮವ್ವಗ ಹೇಳಬೇಕಂತಿದ್ದೆ. ಅಕಿ ನನಗಿಂತ ಮೊದಲ ಹ್ವಾದ್ಲು."

ಮದುವೆಗಳಿಗೆ ಬಾರದ, ಯಾತ್ರೆಗೆ ಒಲ್ಲೆ ಅನ್ನುವ, ಜನ ಸೊಕ್ಕಿನವಳು ಅಂತ ಹೆಸರಿಟ್ಟಿದ್ದ ನನ್ನ ದೊಡ್ಡವ್ವ. ನಾನು ಆಕೆಯ ಕೈ ಹಿಡಿದೆ. ಆಕೆ ನನ್ನ ಚೀಲ ನೋಡಿದಳು, ಎದ್ದಳು, ಕೆಳಗಿನ ಬಿರಡೆ ಹೇಗೆ ತೆಗೆಯುವುದು ಕೇಳಿದಳು, ಬಕೆಟ್ಟಿಗೆ ಖಾಲಿ ಮಾಡಿ ಬಚ್ಚಲಿಗೆ ಸುರಿದು ಬಂದಳು. ಕೈ ತೊಳೆದುಕೊಂಡು ಬಂದು, "ಯಾವಾಗ ಹೋಗೂದೈತಿ ದವಾಖಾನಿಗೆ? ಈ ಸಲ ನಾ ಬರ್ತೀನಿ. ಕಾರ್‌ನ್ಯಾಗ ಕರಕೊಂಡು ಹೋಗ್ರಿ. ಹಸಿ ಆದ್ರ ಆಗ್ಲಿ" ಅಂದಳು.

ಹೋದೆವು. ಈ ಸಲ ನನ್ನನ್ನು ನೋಡಿದ್ದು ಅದೇ ಆಸ್ಪತ್ರೆಯ ಬೇರೆ ವಿಭಾಗದ, ಮೂತ್ರಕೋಶದ ಡಾಕ್ಟರು. ವಯಸ್ಸಾದವರು, ಮಾತು ಕಡಿಮೆ. ನನ್ನ ಹಿಂದಿನದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಇಷ್ಟ ತಡ ಆಗಬಾರದಿತ್ತು" ಅಂದರು. ಯಾರ ತಪ್ಪು ಅಂತ ಹೇಳಲಿಲ್ಲ. ಆದರೆ ಆ ಕಟ್ಟಡದೊಳಗೆ ಒಬ್ಬರಾದರೂ ಆಗಬಾರದಿತ್ತು ಅಂದರು. ನನಗೆ ಅದು ಔಷಧದ ಹಾಗೆ ಕೆಲಸ ಮಾಡಿತು.

ಬೆಳಿಗ್ಗೆ ಪೈಪು ತೆಗೆದು, ನೀರು ಕುಡಿದು ಹೊರಗೆ ಕಾಯಲು ಹೇಳಿದರು. ಬೆಂಚಿನ ಮೇಲೆ ಬಾಟಲಿ ಹಿಡಿದು ಕೂತೆ. ಸುತ್ತಲೂ ಮುದುಕರು, ಲುಂಗಿಯ ಒಳಗೆ ನನ್ನಂಥದೇ ಚೀಲ ಇಟ್ಟುಕೊಂಡವರು. ಅಲ್ಲಿ ಯಾರೂ ಅಡಗಿಸುತ್ತಿರಲಿಲ್ಲ. ಒಬ್ಬ ಅಜ್ಜ ಚೀಲವನ್ನು ಕೈಯಲ್ಲಿ ತೂಗಾಡಿಸುತ್ತ ಮಳೆಯ ಬಗ್ಗೆ ಮಾತಾಡುತ್ತಿದ್ದ. ಗುಟುಕು ಗುಟುಕಾಗಿ ಕುಡಿದೆ. ಏನೂ ಅನ್ನಿಸಲಿಲ್ಲ. ಇನ್ನಷ್ಟು ಕುಡಿದೆ. ಬಿಸಿಲು ಕಿಟಕಿಯಿಂದ ಬೆಂಚಿಗೆ ಬಂತು. ಇವತ್ತೂ ಆಗದಿದ್ದರೆ ಚೀಲದ ಜೊತೆಗೇ ಮುದುಕಿಯಾಗಬೇಕು ಅಂದುಕೊಂಡೆ. ಅಷ್ಟರಲ್ಲಿ ಕೆಳಹೊಟ್ಟೆಯಲ್ಲಿ ದೂರದಿಂದ ಯಾರೋ ಕರೆದಂತೆ ಸಣ್ಣದೊಂದು ಒತ್ತಡ. ಎದ್ದು ಹೋದೆ. ದೊಡ್ಡವ್ವ ಬಾಗಿಲ ಹೊರಗೆ ನಿಂತಳು.

ಕಾದೆ. ನಲ್ಲಿ ಬಿಟ್ಟೆ. ಕಣ್ಣು ಮುಚ್ಚಿದೆ.

"ಆತೇನ ಬೇ?" ಅಂತ ದೊಡ್ಡವ್ವ ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದಳು. ನನಗೆ ನಗು ಉಕ್ಕಿತು. ಆ ನಗುವಿನಲ್ಲೇ ಕೆಲಸ ಆಯಿತು. ಮೊದಲು ಹನಿ, ಆಮೇಲೆ ಸಣ್ಣ ಧಾರೆ.

"ಆತು!" ಅಂತ ನಾನೂ ಕೂಗಿದೆ. ಆಚೆ ಆ ಅಜ್ಜ "ಚಲೋ ಆತು ಬಿಡವಾ" ಅಂದದ್ದು ಒಳಗೇ ಕೇಳಿಸಿತು.

ಡಾಕ್ಟರು ಪರೀಕ್ಷೆ ಮಾಡಿ, ಪೂರ್ತಿ ಅಲ್ಲ, ಆದರೆ ಸಾಕು ಅಂದರು. ನಾನು ದೊಡ್ಡವ್ವನನ್ನು ಮುಂದೆ ತಳ್ಳಿದೆ. ಗಂಡು ಡಾಕ್ಟರು ಅಂತ ಆಕೆ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಳು. ಅವರು ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕಳಿಸಿದರು. ಔಷಧಿಗಿಂತ ಹೆಚ್ಚಾಗಿ ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟರು. ದೊಡ್ಡವ್ವನಿಗೆ ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ.

ಹೊರಡುವ ಮುಂಚೆ ನಾನೊಬ್ಬಳೇ ಬಾಣಂತಿಯರ ವಾರ್ಡಿಗೆ ಹೋದೆ. ಹಾಸಿಗೆ ಒದ್ದೆಯಾದಾಗ ಬೈದಿದ್ದ ಸಿಸ್ಟರ್ ಟೇಬಲ್ಲಿನ ಹತ್ತಿರ ನಿಂತುಕೊಂಡೇ ಬಿಸ್ಕೀಟು ತಿನ್ನುತ್ತಿದ್ದಳು. ವಾರಗಟ್ಟಲೆ ಮನಸ್ಸಿನಲ್ಲೇ ಆಕೆಗೆ ಏನೇನೋ ಬೈದಿದ್ದೆ. ಈಗ, "ನನ್ನ ಗುರ್ತು ಹತ್ತಿತೇನ್ರಿ?" ಅಂದೆ.

"ಯಾವ ಬೆಡ್ಡರಿ?"

ಹೇಳಿದೆ. ಏನಾಯಿತು ಅಂತಲೂ ಹೇಳಿದೆ. ಆಕೆ ಯೋಚನೆ ಮಾಡಿದಳು, ನಿಜವಾಗಿಯೂ ಮಾಡಿದಳು. "ನೆನಪಾಗವಲ್ದ್ರಿ. ಇಷ್ಟೂ ಮಂಚಕ್ಕ ನಾವು ಇಬ್ರು ಇರ್ತೀವಿ" ಅಂದಳು. ಅಷ್ಟರಲ್ಲಿ ಯಾವುದೋ ಮಂಚದಿಂದ "ಸಿಸ್ಟರ್" ಅಂತ ದನಿ ಬಂತು. ಉಳಿದ ಬಿಸ್ಕೀಟನ್ನು ಬಾಯಿಗೆ ಹಾಕಿಕೊಂಡು ಹೋದಳು. ನನ್ನ ಜೀವನದ ಅಷ್ಟು ದೊಡ್ಡ ದಿನ ಆಕೆಯ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಸಿಟ್ಟನ್ನು ಎಲ್ಲಿ ಇಳಿಸಬೇಕು ತಿಳಿಯದೆ ಹೊತ್ತುಕೊಂಡೇ ಮೆಟ್ಟಿಲು ಇಳಿದೆ.

ಶ್ರಾವಣಿ ಈಗ ಓಡಾಡುತ್ತಾಳೆ. ನನಗೆ ಇನ್ನೂ ಮೂತ್ರಕೋಶ ತುಂಬಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ಹೋಗುತ್ತೇನೆ. ಅದು ರೂಢಿಯಾಗಿದೆ. ಯಾರಾದರೂ ಹಡೆದ ಸುದ್ದಿ ಬಂದರೆ ಮೊದಲು ಬಾಣಂತಿಗೆ ಫೋನು ಹಚ್ಚಿ, "ಕಾಲ್ಮಡಿ ಆತೇನು?" ಅಂತ ಕೇಳುತ್ತೇನೆ. ನಗುತ್ತಾರೆ. ನಗಲಿ. ಆದರೆ ಮನೆಯೊಳಗೆ ಆ ದಿನಗಳ ಮಾತು ನಾವು ಯಾರೂ ಎತ್ತಲಿಲ್ಲ.

ಹೋದ ದ್ರಾಕ್ಷಿ ಹಂಗಾಮಿನಲ್ಲಿ ಬಿಜ್ಜರಗಿಯ ಒಂದು ತೋಟಕ್ಕೆ ಸಾಮಾನು ಮುಟ್ಟಿಸಲು ಸಂಗಮೇಶ ಹೊರಟಿದ್ದರು. ನಾನೂ ಶ್ರಾವಣಿಯೂ ಜೊತೆಗೆ ಹೋದೆವು. ವಾಪಸು ಬರುವಾಗ ಮಗಳು ನನ್ನ ತೊಡೆಯ ಮೇಲೆ ನಿದ್ದೆ. ಅವರು ರಸ್ತೆ ನೋಡುತ್ತಲೇ, "ಅವ್ವ ಇನ್ನೊಂದ್ ಕೂಸು ಅನ್ನಾಕತ್ತಾಳ. ನೀ ಏನಂತಿ?" ಅಂದರು.

"ಮೊದಲನೇದರಾಗ ನನಗೇನಾತು, ನಿಮಗ ಗೊತ್ತೈತೇನ್ರಿ?"

"ಪೈಪ್ ಹಾಕಿದ್ರು. ಆಮ್ಯಾಲೆ ಆರಾಮಾತು."

"ಯಾಕ ಹಾಕಿದ್ರು?"

ಅವರಿಗೆ ಗೊತ್ತಿರಲಿಲ್ಲ. ನಾನು ಹೇಳತೊಡಗಿದೆ. ಚಿಲಕವಿಲ್ಲದ ಬಾಗಿಲು, ಗ್ಯಾಸ್ ಅಂದದ್ದು, ಒದ್ದೆ ಹಾಸಿಗೆ, ಸಂಜೆ ಅವರು ಬಂದು ನಿಂತದ್ದು. ಅವರು ಗಾಡಿಯನ್ನು ನಿಧಾನ ಮಾಡಿದರು, ಆಮೇಲೆ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ನಾ ಕೇಳಿದ್ನೆಲ್ಲ ನಿನಗ. ಆರಾಮ ಅಂದಿ."

"ಅಂದೆ. ಹಾಸಿಗಿ ಹಸಿ ಇತ್ತು, ನಾಲ್ಕ ಮಂದಿ ನಿಂತಿದ್ರು. ಮತ್ತೇನನ್ಲಿ? ಮನಿಗೆ ಬಂದ ಮ್ಯಾಲೆ ಒಮ್ಮೆರ ಕೇಳಿದ್ರೇನು?"

ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತರು. ಆಚೆ ಹೊಲದಲ್ಲಿ ಕುರಿ ಮೇಯುತ್ತಿದ್ದವು.

"ಅವತ್ತ ಸಂಜೀಕ ನಾ ಪೇಡೆ ತಂದಿದ್ದೆ" ಅಂದರು. "ಅವ್ವ ಹೊರಗ ಬಂದು, ಎಲ್ಲಾ ಚಲೋ ಐತಿ, ಹಂಚು ಅಂದ್ಲು. ಗೇಟಿನಂವಗ ಕೊಟ್ಟೆ. ಕೆಳಗ ಚೀಟಿ ಬರಿಯಾಂವಗ ಕೊಟ್ಟೆ. ಆ ಸಿಸ್ಟರ್‌ಗೆ ಎರಡು ಕೊಟ್ಟೆ, ನಮ್ಮ ಮನಿಯಾಕೀನ ಚಲೋ ನೋಡ್ಕೊಂಡೀರಿ ಅಂತ..."

ಮುಂದೆ ಅವರಿಂದ ಆಗಲಿಲ್ಲ. ಮದುವೆಯಾದಾಗಿನಿಂದ ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ. ಒರೆಸಿಕೊಳ್ಳಲೂ ಇಲ್ಲ. "ಆ ಚೀಲ ನೋಡಿ ಹೆದರಿದ್ದೆ. ಮುಟ್ಟಿದ್ರ ನಿನಗ ನೋವಾದೀತು ಅಂತ ಹೊರಗ ಓಡಿದೆ" ಅಂದರು. "ಮುಂದ ಹೇಳು. ಮರುದಿನ ಏನಾತು?"

ರಜಿಯಾ ಕೂಗಿದ್ದನ್ನು ಹೇಳುತ್ತಿದ್ದಾಗ ಅವರ ಫೋನು ಬಡಿಯಿತು. ಅತ್ತೆ. ಊಟಕ್ಕೆ ಹೊತ್ತಾಯಿತು, ಎಲ್ಲಿದ್ದೀರಿ ಅಂತ ಕೇಳುತ್ತಿದ್ದದ್ದು ನನಗೂ ಕೇಳಿಸಿತು.

"ಬರ್ತೀವಿ ಅವ್ವಾ, ಸ್ವಲ್ಪ ತಡ ಆಗ್ತೈತಿ" ಅಂದರು ಸ್ವರ ಸರಿಮಾಡಿಕೊಂಡು. "ಸುವರ್ಣಾ ಮಾತಾಡಾಕತ್ತಾಳ."